1 ಲಕ್ಷ ಲ್ಯೂಮೆನ್ ಟಾರ್ಚ್, 10 ಕಿ.ಮೀ. ಬೆಳಕು: ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಬಿಚ್ಚಿ ನೋಡೋಣ

ಮಹಡಿಯ ಮೇಲೆ ನಿಂತ ಒಬ್ಬರು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಟಾರ್ಚ್ ಹೊತ್ತಿಸುತ್ತಾರೆ. ಎದುರಿನ ಗುಡ್ಡವೆಲ್ಲ ಹಗಲಾಗುತ್ತದೆ. ಕೆಳಗೆ ಬರಹ: ‘1,00,000 ಲ್ಯೂಮೆನ್, 10 ಕಿ.ಮೀ. ದೂರ, ಬೆಲೆ ಬರೀ 499’. ಇಂಥ ವಿಡಿಯೋ ನಿಮ್ಮ ಮನೆಯವರ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಬರುವುದು ಇನ್ನೊಂದು: ‘ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಮನೆಯಲ್ಲೇ ಪವರ್‌ಫುಲ್ ಟಾರ್ಚ್ ಮಾಡಿ’. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ, ಹಾಗಾಗಿಯೇ ಅದು ಹೆಚ್ಚು ಅಪಾಯಕಾರಿ.

ಟಾರ್ಚ್‌ಗಳನ್ನು ಬಿಚ್ಚಿ, ಎಲ್‌ಇಡಿ ಬದಲಿಸಿ, ಬೆಳಕು ಅಳೆದು ನೋಡುವ ಹವ್ಯಾಸಿಗಳು ಜಗತ್ತಿನ ಎಲ್ಲೆಡೆ ಇದ್ದಾರೆ. ಅವರ ವಿಧಾನಗಳನ್ನೇ ಬಳಸಿ ನಾವೂ ಅಂಥದ್ದೊಂದು ಟಾರ್ಚ್ ತರಿಸಿ ಪರೀಕ್ಷಿಸಿದೆವು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪನ. ಈ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಟಾರ್ಚ್‌ಗಳಲ್ಲಿ ಒಂದು ವ್ಯಾಟ್‌ಗೆ 100 ಲ್ಯೂಮೆನ್ ಸಿಕ್ಕರೆ ಚೆನ್ನಾಗಿದೆ ಎನ್ನಬಹುದು. ಉದಾರವಾಗಿ 200 ಎಂದೇ ಇಟ್ಟುಕೊಳ್ಳೋಣ. ಆಗಲೂ 1 ಲಕ್ಷ ಲ್ಯೂಮೆನ್‌ಗೆ 500 ವ್ಯಾಟ್ ಬೇಕು. ಅಂದರೆ ಅಡುಗೆಮನೆಯ ಮಿಕ್ಸಿ ಎಳೆಯುವಷ್ಟು ವಿದ್ಯುತ್!

ಅದು ಬರಬೇಕಾದದ್ದು ‘18650’ ಎಂಬ ಒಂದೇ ಒಂದು ಲಿಥಿಯಂ ಸೆಲ್‌ನಿಂದ. (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಇರುವುದರಿಂದ ಆ ಹೆಸರು.) ಒಳ್ಳೆಯ ಕಂಪನಿಯ ಸೆಲ್‌ನಲ್ಲಿ ಸುಮಾರು 3500 ಎಂಎಎಚ್, ಅಂದರೆ 12–13 ವ್ಯಾಟ್-ಅವರ್ ಶಕ್ತಿ ಇರುತ್ತದೆ. 500 ವ್ಯಾಟ್‌ನಂತೆ ಹೀರಿದರೆ ಒಂದೂವರೆ ನಿಮಿಷಕ್ಕೆ ಖಾಲಿ. ಅಷ್ಟು ಹೊತ್ತೂ ಉಳಿಯುವುದಿಲ್ಲ ಬಿಡಿ, ಅದಕ್ಕೆ ಬೇಕಾದ 130 ಆಂಪಿಯರ್‌ಗೂ ಹೆಚ್ಚಿನ ಕರೆಂಟನ್ನು ಆ ಸೆಲ್ ಕೊಡಲಾರದು.

ಹಾಗಾದರೆ 1 ಲಕ್ಷ ಲ್ಯೂಮೆನ್ ಟಾರ್ಚ್ ಇಲ್ಲವೇ ಇಲ್ಲವೇ? ಇದೆ. ಇಮಾಲೆಂಟ್ ಎಂಎಸ್18 ಎಂಬುದಕ್ಕೆ ಕಂಪನಿ ಹೇಳಿಕೊಳ್ಳುವುದು ಅಷ್ಟೇ. ಆದರೆ ಅದರಲ್ಲಿ 18 ಎಲ್‌ಇಡಿಗಳು, 8 ದೊಡ್ಡ ಸೆಲ್‌ಗಳು, ತಣ್ಣಗಾಗಿಸಲು ಒಳಗೇ ಫ್ಯಾನ್ ಇವೆ. ತೂಕ ಎರಡು ಕೆ.ಜಿ.ಯ ಹತ್ತಿರ. ಜೇಬಿಗೆ ಹಾಕುವ ಮಾತೇ ಇಲ್ಲ.

ದೂರದ ಲೆಕ್ಕವೂ ಹೀಗೆಯೇ. 2009ರಲ್ಲಿ ಅಮೆರಿಕದಲ್ಲಿ ಬಂದ ‘ಎಫ್‌ಎಲ್1’ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಟಾರ್ಚಿನ ‘ದೂರ’. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕು. ದೂರ ಎರಡು ಪಟ್ಟಾಗಬೇಕಾದರೆ ಕಿರಣದ ತೀವ್ರತೆ ನಾಲ್ಕು ಪಟ್ಟಾಗಬೇಕು. 200 ಮೀಟರ್‌ಗೆ 10,000 ಕ್ಯಾಂಡೆಲಾ ಸಾಕು, 10 ಕಿ.ಮೀ.ಗೆ ಎರಡೂವರೆ ಕೋಟಿ ಬೇಕು. ವಿಡಿಯೋದಲ್ಲಿ ಗುಡ್ಡ ಬೆಳಗಿದ್ದು ಹೇಗೆ ಎಂದರೆ, ಕತ್ತಲಲ್ಲಿ ಫೋನಿನ ಕ್ಯಾಮೆರಾ ತಾನಾಗಿಯೇ ಎಕ್ಸ್‌ಪೋಷರ್ ಏರಿಸಿಕೊಳ್ಳುತ್ತದೆ. ಉಳಿದದ್ದನ್ನು ಎಡಿಟಿಂಗ್ ಮಾಡುತ್ತದೆ.

ಬಿಚ್ಚಿದಾಗ ಕಂಡದ್ದು

ನಾವು ಮೊದಲು ಮಾಡಿದ್ದು ಸೆಲ್ಲನ್ನು ತೂಗಿದ್ದು. ಅಸಲಿ 18650 ಸುಮಾರು 45 ಗ್ರಾಂ ಇರುತ್ತದೆ. ‘9900 ಎಂಎಎಚ್’ ಎಂದು ಬರೆದುಕೊಂಡಿದ್ದ ನಮ್ಮ ಸೆಲ್ 27 ಗ್ರಾಂ ತೂಗಿತು. ಈ ಒಂದು ಪರೀಕ್ಷೆಗೆ ಯಾವ ವಿದ್ಯೆಯೂ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ನಂತರ ಹಿಂಬದಿಯ ಮುಚ್ಚಳ ತೆಗೆದು, ಸ್ವಿಚ್‌ನ ಜಾಗದಲ್ಲಿ ಮಲ್ಟಿಮೀಟರ್ ಸೇರಿಸಿ ಕರೆಂಟ್ ಅಳೆದೆವು: 1.3 ಆಂಪಿಯರ್. ಅಂದರೆ 5 ವ್ಯಾಟ್, ಹೆಚ್ಚೆಂದರೆ 500 ಲ್ಯೂಮೆನ್. ಡಬ್ಬಿಯ ಮೇಲೆ ದೊಡ್ಡದಾಗಿ ‘ಟಿ6’ ಎಂದಿತ್ತು. ಕ್ರೀ ಕಂಪನಿ 2010ರಲ್ಲಿ ತಂದ ಎಕ್ಸ್‌ಎಂ-ಎಲ್ ಎಲ್‌ಇಡಿ 10 ವ್ಯಾಟ್‌ನಲ್ಲಿ 1000 ಲ್ಯೂಮೆನ್ ಕೊಟ್ಟು ಹೆಸರು ಮಾಡಿತ್ತು. ಟಿ6 ಎಂಬುದು ಅದರ ಹೊಳಪಿನ ಒಂದು ದರ್ಜೆ, ಅಷ್ಟೇ. ಈಗ ಯಾರು ಬೇಕಾದರೂ ಅಚ್ಚು ಹಾಕಿಸುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ 500 ಲ್ಯೂಮೆನ್ ಕಡಿಮೆ ಬೆಳಕಲ್ಲ. ರಾತ್ರಿ ಕರೆಂಟ್ ಕೊಟ್ಟಾಗ ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೋಗುವ ರೈತರಿಗೆ ದಾರಿ ನೋಡಲು ಅಷ್ಟು ಧಾರಾಳ. ನಮ್ಮ ಕಣ್ಣಿಗೆ ಬೆಳಕು ಎರಡು ಪಟ್ಟು ಕಾಣಬೇಕಾದರೆ ಲ್ಯೂಮೆನ್ ಹತ್ತಿರ ಹತ್ತಿರ ನಾಲ್ಕು ಪಟ್ಟಾಗಬೇಕು, ಹಾಗಾಗಿ 500ಕ್ಕೂ 700ಕ್ಕೂ ವ್ಯತ್ಯಾಸ ಗೊತ್ತಾಗುವುದೇ ಕಷ್ಟ.

ಮನೆಯಲ್ಲೇ ಎರಡು ಟಾರ್ಚ್ ಹೋಲಿಸಬೇಕೇ? ಕತ್ತಲ ಕೋಣೆಯಲ್ಲಿ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ ಬೆಳಕನ್ನು ಸೀಲಿಂಗ್‌ಗೆ ಬಿಡಿ. ಪಕ್ಕದಲ್ಲಿ, ನೇರ ಬೆಳಕು ಬೀಳದಂತೆ, ಫೋನ್ ಇಟ್ಟು ಲಕ್ಸ್ ಮೀಟರ್ ಆ್ಯಪ್ ನೋಡಿ. ಆ ಅಂಕಿ ನಿಖರವಲ್ಲ, ಆದರೆ ಯಾವ ಟಾರ್ಚ್ ಎಷ್ಟು ಪಟ್ಟು ಎಂಬುದಕ್ಕೆ ಸಾಕು. ಹೊತ್ತಿಸಿದ ಕೂಡಲೇ ಅಲ್ಲ, 30 ಸೆಕೆಂಡ್ ಬಿಟ್ಟು ಓದಿ. ಬಿಸಿಯಾದಂತೆ ಎಲ್‌ಇಡಿ ಮಂಕಾಗುತ್ತದೆ, ಎಫ್‌ಎಲ್1 ಕೂಡ ಅಷ್ಟು ಹೊತ್ತು ಕಾಯುತ್ತದೆ.

ಅರ್ಧ ನಿಜದ ವಿಡಿಯೋ

ಟಾರ್ಚನ್ನು ನಿಜಕ್ಕೂ ಸುಧಾರಿಸಬಹುದು. ಹವ್ಯಾಸಿಗಳು ಅಗ್ಗದ ಅಲ್ಯೂಮಿನಿಯಂ ತಟ್ಟೆಯ ಬದಲು ತಾಮ್ರದ ತಟ್ಟೆಗೆ ಹೊಸ ಎಲ್‌ಇಡಿ ಬೆಸೆಯುತ್ತಾರೆ, ಶಾಖ ಬೇಗ ಹೊರಗೆ ಹೋಗುತ್ತದೆ. ತೆಳು ಸ್ಪ್ರಿಂಗ್‌ನಲ್ಲಿ ಪೋಲಾಗುವ ವೋಲ್ಟೇಜ್ ಉಳಿಸಲು ಅದಕ್ಕೆ ತಾಮ್ರದ ತಂತಿ ಸೇರಿಸುತ್ತಾರೆ. ಇದೆಲ್ಲ ಒಳ್ಳೆಯ ಕೆಲಸವೇ, ಕಲಿಯಲು ಸಾಕಷ್ಟಿದೆ.

ವಿಡಿಯೋಗಳು ಬಿಟ್ಟುಬಿಡುವುದು ಸೆಲ್‌ನ ವಿಷಯ. ಹಳೇ ಲ್ಯಾಪ್‌ಟಾಪ್ ಪ್ಯಾಕ್‌ನಲ್ಲಿ ಅತಿಯಾಗಿ ಚಾರ್ಜ್ ಆಗದಂತೆ, ಶಾರ್ಟ್ ಆಗದಂತೆ ಕಾಯುವ ಸರ್ಕ್ಯೂಟ್ ಇರುತ್ತದೆ. ಪ್ಯಾಕ್ ಒಡೆದು ತೆಗೆದ ಬಿಡಿ ಸೆಲ್‌ಗೆ ಆ ಕಾವಲು ಇಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು 2.5 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. 4.2 ವೋಲ್ಟ್ ದಾಟಿದರೂ ಅಪಾಯವೇ. ಹೊಸದು ಒಂದು, ಹಳೆಯದು ಒಂದು ಸೇರಿಸಿ ಒಂದರ ಹಿಂದೆ ಒಂದು ಹಾಕಿದರೆ, ದುರ್ಬಲ ಸೆಲ್ ಮೊದಲು ಖಾಲಿಯಾಗಿ ಉಲ್ಟಾ ಚಾರ್ಜ್ ಆಗತೊಡಗುತ್ತದೆ. ಟಾರ್ಚ್ ಎಂಬುದು ನೀರು ಹೋಗದಂತೆ ಬಿಗಿದ ಲೋಹದ ಕೊಳವೆ. ಸೆಲ್ ಕೆಟ್ಟು ಒಳಗೆ ಅನಿಲ ತುಂಬಿದರೆ ಹೊರಹೋಗಲು ದಾರಿಯಿಲ್ಲ, ಆಗ ಅದು ಕೈಯಲ್ಲಿ ಹಿಡಿದ ಪಟಾಕಿಯೇ. ಸ್ವಿಚ್ ಆಫ್ ಮಾಡಿದ ಮೇಲೂ ಟಾರ್ಚ್ ಬಿಸಿ ಏರುತ್ತಿದ್ದರೆ ಬಿಚ್ಚಲು ಹೋಗಬೇಡಿ. ಹೊರಗೆ ಬಯಲಲ್ಲಿಟ್ಟು ದೂರ ಸರಿಯಿರಿ.

ಪವರ್‌ಫುಲ್ ಟಾರ್ಚ್ ಕಪ್ಪು ಕಾಗದವನ್ನು ಸುಡುವ ವಿಡಿಯೋಗಳು ಮಾತ್ರ ಸುಳ್ಳಲ್ಲ, ಸಾವಿರಾರು ಲ್ಯೂಮೆನ್‌ನ ಟಾರ್ಚಿನ ಗಾಜಿಗೆ ತಾಗಿಸಿಟ್ಟರೆ ಹೊಗೆಯಾಡುತ್ತದೆ. ಅಂಥದ್ದನ್ನು ಆನ್ ಮಾಡಿ ಹಾಸಿಗೆಯ ಮೇಲೆ ಬೋರಲು ಹಾಕಬೇಡಿ, ಮಕ್ಕಳ ಕಣ್ಣಿಗೆ ಬಿಡಬೇಡಿ.

ನಮ್ಮ 27 ಗ್ರಾಂ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟೆವು. ಕಸದ ಬುಟ್ಟಿಗೆ ಹಾಕಿದರೆ ಕಸದ ಲಾರಿಯಲ್ಲಿ ಜಜ್ಜಿ ಹೊತ್ತಿಕೊಳ್ಳಬಹುದು. ಟಾರ್ಚ್ ಇನ್ನೂ ನಮ್ಮ ಬಳಿಯೇ ಇದೆ. 45 ಗ್ರಾಂ ತೂಗುವ ಸೆಲ್ ಹಾಕಿದ ಮೇಲೆ ಎರಡೂವರೆ ಗಂಟೆಯ ಹತ್ತಿರ ಉರಿಯುತ್ತಿದೆ. ಬೆಳಕು ನಮ್ಮ ಬೀದಿಯ ತುದಿಯವರೆಗೆ ಹೋಗುತ್ತದೆ.