ಬೀಗಗಳ ಚರಿತ್ರೆ, ಮೌನದ ಬೆಲೆ



ಕೋಟೆಯ ಗೋಡೆ ಎತ್ತರವಾಗುವುದು ಶತ್ರು ಒಮ್ಮೆ ಒಳನುಗ್ಗಿದ ಮೇಲೆಯೇ ಎಂದು ಇತಿಹಾಸದ ಪಾಠದಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಾವಿಂದು ಅಂತರಜಾಲದಲ್ಲಿ ಹಣ ಪಾವತಿಸಲು ಬಳಸುವ ಬ್ಯಾಂಕ್ ಕಾರ್ಡಿನ ಚರಿತ್ರೆಯೂ ಹಾಗೆಯೇ ಇದೆ.

1958ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ಕಾರ್ಡುಗಳನ್ನು, ಯಾರೂ ಕೇಳದೆಯೇ, ಅಂಚೆಯ ಮೂಲಕ ಮನೆಮನೆಗೆ ಕಳುಹಿಸಿತು. ಇಂದಿನ ವೀಸಾ ಕಾರ್ಡಿನ ಮೂಲ ಅದೇ. ಈ ಪದ್ಧತಿ ಇತರ ಊರುಗಳಿಗೂ ಹಬ್ಬಿದಾಗ, ಕಾರ್ಡುಗಳು ಕಳ್ಳರ ಕೈಸೇರಿ ಪರರ ಹೆಸರಿನಲ್ಲಿ ವ್ಯಾಪಾರ ನಡೆಯಿತು. ಕೊನೆಗೆ 1970ರಲ್ಲಿ ಅಲ್ಲಿನ ಸಂಸತ್ತು, ಕೇಳದವರಿಗೆ ಕಾರ್ಡು ಕಳುಹಿಸುವುದನ್ನು ನಿಷೇಧಿಸಿತು. ಕಾರ್ಡು ದುರುಪಯೋಗವಾದರೆ ಅದರ ಒಡೆಯನ ಹೊಣೆ 50 ಡಾಲರನ್ನು ಮೀರಬಾರದೆಂದೂ ವಿಧಿಸಿತು.

ಅಂತರಜಾಲದ ವ್ಯಾಪಾರ ಬಂದಾಗ ಕಾರ್ಡನ್ನು ತೋರಿಸುವ ಅಗತ್ಯವೇ ಇಲ್ಲವಾಯಿತು; ಸಂಖ್ಯೆಯೊಂದೇ ಸಾಕಾಯಿತು. 1994ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಬ್ಬರು ಹಾಡಿನ ಸಿ.ಡಿ.ಯೊಂದನ್ನು ಕೊಂಡಾಗ, ಅವರ ಕಾರ್ಡಿನ ಸಂಖ್ಯೆಯನ್ನು ಗೂಢಲಿಪಿಗೆ ಪರಿವರ್ತಿಸಿ ರವಾನಿಸಲಾಯಿತು. ದಾರಿಗಳ್ಳರಿಗೆ ಹಾಕಿದ ಬೀಗವದು.

ನಮ್ಮ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಇನ್ನೊಂದು ಬೀಗವನ್ನು ಕಡ್ಡಾಯಗೊಳಿಸಿತು. ಅಂತರಜಾಲದಲ್ಲಿ ಪಾವತಿಸುವಾಗ, ಕಾರ್ಡಿನ ಮೇಲೆ ಮುದ್ರಿತವಾಗಿಲ್ಲದ ಗುಟ್ಟೊಂದನ್ನೂ ಒದಗಿಸಬೇಕೆಂಬುದೇ ಆ ನಿಯಮ. ಮೊಬೈಲಿಗೆ ಬರುವ ಓಟಿಪಿ ರೂಢಿಗೆ ಬಂದದ್ದು ಹೀಗೆ. ಆದರೆ ಈ ಬೀಗದ ಕೀಲಿಕೈ ಇರುವುದು ನಮ್ಮ ಕೈಯಲ್ಲಿ. ಆದುದರಿಂದ ಕಳ್ಳನು ಬೀಗ ಒಡೆಯುವುದನ್ನು ಬಿಟ್ಟು ಕೀಲಿಕೈಯನ್ನೇ ಕೇಳಿ ಪಡೆಯುವ ವಿದ್ಯೆಯನ್ನು ಕಲಿತನು.

2018ರ ಒಂದು ಮಧ್ಯಾಹ್ನ ಅದನ್ನು ಅವನ ಕೈಗಿತ್ತವನು ನಾನೇ. ಬ್ಯಾಂಕಿನವರೆಂದು ಹೇಳಿಕೊಂಡು ಫೋನು ಮಾಡಿದವನು ವಿನಯದಿಂದ ‘ಸರ್’ ಎಂದು ಕರೆದನು. ಕಾರ್ಡಿನ ಸಂಖ್ಯೆ, ಹಿಂಬದಿಯ ಮೂರು ಅಂಕೆ, ಓಟಿಪಿ ಎಲ್ಲವನ್ನೂ ಹೇಳಿಬಿಟ್ಟೆ. ಒಂಬತ್ತು ಸಾವಿರ ರೂಪಾಯಿ ಹೋಯಿತು. ನಾಚಿಕೆಯಿಂದ ಮನೆಯವರಿಗೂ ತಿಳಿಸಲಿಲ್ಲ, ಬ್ಯಾಂಕಿಗೂ ತಿಳಿಸಲಿಲ್ಲ. ಎರಡು ದಿನದ ನಂತರ, ಓಟಿಪಿ ಕೇಳದ ವಿದೇಶೀ ಜಾಲತಾಣವೊಂದರಲ್ಲಿ ಮತ್ತೆ ಆರೂವರೆ ಸಾವಿರ ಹೋಯಿತು. ಆಮೇಲಷ್ಟೇ ಮಗನಿಗೆ ಹೇಳಿದೆ. ಕಾರ್ಡನ್ನು ತಡೆಹಿಡಿಸಲು ಅವನಿಗೆ ಹತ್ತು ನಿಮಿಷ ಸಾಕಾಯಿತು.

ರಿಸರ್ವ್ ಬ್ಯಾಂಕ್ 2017ರಲ್ಲೇ ಸ್ಪಷ್ಟವಾದ ನಿಯಮ ಮಾಡಿತ್ತು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗುಟ್ಟನ್ನು ಗ್ರಾಹಕನೇ ಬಿಟ್ಟುಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ನನ್ನ ಮೊದಲ ನಷ್ಟ ದಡ್ಡತನದ ಬೆಲೆ. ಎರಡನೆಯದು ಮೌನದ ಬೆಲೆ.

ಬಳಿಕ ಮತ್ತೆರಡು ಬೀಗಗಳು ಬಂದವು. 2020ರ ಅಕ್ಟೋಬರಿನಿಂದ, ಕಾರ್ಡಿನ ಅಂತರಜಾಲ ಬಳಕೆಯನ್ನೂ ವಿದೇಶೀ ಬಳಕೆಯನ್ನೂ ನಾವೇ ಬಂದ್ ಮಾಡಿಡುವ ಸೌಲಭ್ಯ ದೊರೆಯಿತು. 2022ರ ಅಕ್ಟೋಬರಿನಿಂದ ಅಂತರಜಾಲದ ಅಂಗಡಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲವೆಂದಾಯಿತು. ಅದರ ಬದಲಿಗೆ ಟೋಕನ್ ಎಂಬ ಸಂಕೇತ ಬಂದಿತು. ಆ ಮೊದಲನೆಯ ಬೀಗ 2018ರಲ್ಲಿ ಇದ್ದು, ನಾನು ಅದನ್ನು ಹಾಕಿದ್ದರೆ ನನ್ನ ಆರೂವರೆ ಸಾವಿರ ಉಳಿಯುತ್ತಿತ್ತು.

ಮನೆಪಾಠ ಮಾಡದವರನ್ನು ನಾನು ಕ್ಷಮಿಸುತ್ತಿದ್ದೆ, ಮುಚ್ಚಿಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈ ವಿಷಯದಲ್ಲಿ ಬೆಂಚು ಹತ್ತಬೇಕಾದವನು ನಾನೇ. ಬಳಸದ ಸೌಲಭ್ಯಗಳನ್ನು ಬಂದ್ ಮಾಡಿಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಒಂದು ವೇಳೆ ಮೋಸಹೋದರೆ ಆ ಕ್ಷಣವೇ ಬ್ಯಾಂಕಿಗೂ 1930 ಸಂಖ್ಯೆಗೂ ಫೋನು ಮಾಡಿ. ನಿಮ್ಮ ಮನೆಯ ಹಿರಿಯರು ಹಾಗೆ ಮೋಸಹೋದರೆ ದಯವಿಟ್ಟು ಗದರಿಸಬೇಡಿ. ಗದರಿಕೆಯ ಭಯದಲ್ಲಿ ಅವರು ಕಳೆಯುವ ಪ್ರತಿಯೊಂದು ಗಂಟೆಯೂ ಕಳ್ಳನಿಗೇ ಲಾಭ.