ಹೋಲಿಕೆ, ಪ್ರಭಾವ, ಉಲ್ಲೇಖ: ಅಮೆರಿಕದ ಕಾರ್ಟೂನ್ ಹಾಸ್ಯದಲ್ಲಿ ಮಾಂಟಿ ಪೈಥಾನ್

1. ಪ್ರಶ್ನೆಯ ಸ್ವರೂಪ

ಕಾರ್ಟೂನ್ ಧಾರಾವಾಹಿಯ ಪಾತ್ರವೊಂದು ಕಾಲನ್ನು ಸೊಟ್ಟಗೆ ಎತ್ತಿಟ್ಟು ನಡೆದರೆ, ಅದು ಬ್ರಿಟನ್ನಿನ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ತಂಡದ ನಡಿಗೆ ಎಂದು ಗುರುತಿಸುವವರು ಹಲವರು. ವಿಚಿತ್ರ ನಡಿಗೆ ಕಾರ್ಟೂನಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಯಾರ ಋಣವೂ ಇಲ್ಲ ಎನ್ನುವವರೂ ಇದ್ದಾರೆ. ಒಂದು ಕೃತಿ ಇನ್ನೊಂದರ ಕಡೆಗೆ ಬೆರಳು ತೋರುತ್ತಿದೆ ಎಂದು ಹೇಳಲು ಯಾವ ಪುರಾವೆ ಬೇಕು ಎಂಬುದು ಈ ವಾದದ ಒಳಗಿರುವ ಪ್ರಶ್ನೆ. ಹೋಲಿಕೆ, ಪ್ರಭಾವ, ಉಲ್ಲೇಖ ಈ ಮೂರನ್ನು ಬೇರ್ಪಡಿಸದೆ ಅದಕ್ಕೆ ಉತ್ತರ ಸಿಗುವುದಿಲ್ಲ ಎಂಬುದು ಈ ಲೇಖನದ ನಿಲುವು.

ಪೈಥಾನ್ ತಂಡದ ಸರಣಿ 1969ರ ಅಕ್ಟೋಬರ್ 5ರಂದು ಬಿಬಿಸಿಯಲ್ಲಿ ಆರಂಭವಾಗಿ 1974ರಲ್ಲಿ ಮುಗಿಯಿತು. ಒಟ್ಟು 45 ಕಂತುಗಳು. 1974ರಿಂದ ಅಮೆರಿಕದ ಸಾರ್ವಜನಿಕ ದೂರದರ್ಶನ ಕೇಂದ್ರಗಳು ಅದನ್ನು ಪ್ರಸಾರ ಮಾಡಿದವು. ಮುಂದೆ ‘ದಿ ಸಿಂಪ್ಸನ್ಸ್’ (1989), ‘ಸೌತ್ ಪಾರ್ಕ್’ (1997) ಧಾರಾವಾಹಿಗಳನ್ನು ಕಟ್ಟಿದವರಿಗೆ ಪೈಥಾನ್ ಪರಿಚಿತವಾಗಿತ್ತು. ಆದರೆ ಪರಿಚಯವಿತ್ತು ಎಂಬುದು ಸಾಧ್ಯತೆಯನ್ನಷ್ಟೇ ತೋರಿಸುತ್ತದೆ. ಒಂದೊಂದು ನಗೆಯ ಮೂಲವನ್ನು ಅದು ಸಾಬೀತು ಮಾಡುವುದಿಲ್ಲ.

2. ಆನಂದವರ್ಧನನ ವರ್ಗೀಕರಣ

ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಣ ಸಾದೃಶ್ಯವನ್ನು ‘ಸಂವಾದ’ ಎಂದು ಕರೆದು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂಥದ್ದು, ಬರೆದ ಚಿತ್ರದಂಥದ್ದು, ಮತ್ತು ಒಂದೇ ಮೈಕಟ್ಟಿನ ಇಬ್ಬರು ವ್ಯಕ್ತಿಗಳಲ್ಲಿ ಕಾಣುವಂಥದ್ದು. ಮೊದಲೆರಡನ್ನು ಕವಿ ಬಿಡಬೇಕು. ಮೂರನೆಯದರಲ್ಲಿ ದೋಷವಿಲ್ಲ, ಏಕೆಂದರೆ ಅಲ್ಲಿ ರೂಪ ಹೋಲಿದರೂ ಜೀವ ಬೇರೆ. ಕಾರ್ಟೂನ್ ಹಾಸ್ಯಕ್ಕೆ ಈ ವಿಂಗಡಣೆಯನ್ನು ಅನ್ವಯಿಸುವಾಗ ಒಂದು ತಿದ್ದುಪಡಿ ಬೇಕು. ಅಣಕದಲ್ಲಿ ಪ್ರತಿಬಿಂಬವನ್ನು ಮುಚ್ಚಿಡುವುದಿಲ್ಲ. ನೋಡುಗ ಅದನ್ನು ಗುರುತಿಸಿದರೆ ಮಾತ್ರ ಅಣಕ ಫಲಿಸುತ್ತದೆ.

ಆದ್ದರಿಂದ ಇಲ್ಲಿ ನಾನು ಮುಂದಿಡುವ ಪರೀಕ್ಷೆ ಇದು. ಮೂಲವನ್ನು ಪೂರ್ತಿ ಮರೆತು ಹೊಸ ನಗೆಯನ್ನು ಓದಬೇಕು. ಅದು ತನ್ನ ಕಥೆಯೊಳಗೇ ಸಂಪೂರ್ಣವಾಗಿ ಅರ್ಥವಾದರೆ ಅದು ಸಮಾನ ದೇಹದ ಹೋಲಿಕೆ. ಕಥೆಗೆ ಬೇಕಿಲ್ಲದ, ಮೂಲವನ್ನು ನೆನೆದಾಗ ಮಾತ್ರ ಅರ್ಥ ಕೊಡುವ ಗುರುತೊಂದು ಉಳಿದರೆ ಅದು ಉಲ್ಲೇಖ. ಹೀಗೆ ಉಳಿದದ್ದನ್ನು ‘ಶೇಷ’ ಎಂದು ಕರೆಯುತ್ತೇನೆ.

3. ನಿದರ್ಶನಗಳು

‘ಸತ್ತ ಗಿಳಿ’ ಎಂಬ ಕಿರುಪ್ರಹಸನ 1969ರ ಡಿಸೆಂಬರ್ 7ರಂದು ಪ್ರಸಾರವಾಯಿತು. ಕೊಂಡ ಗಿಳಿ ಸತ್ತಿದೆ ಎಂದು ಗಿರಾಕಿ (ಜಾನ್ ಕ್ಲೀಸ್) ದೂರುತ್ತಾನೆ, ಅದು ವಿಶ್ರಾಂತಿ ಪಡೆಯುತ್ತಿದೆ ಎಂದು ಅಂಗಡಿಯವ (ಮೈಕೇಲ್ ಪೇಲಿನ್) ಸಾಧಿಸುತ್ತಾನೆ. 1999ರಲ್ಲಿ ಪೈಥಾನಿನ ಮೂವತ್ತನೆಯ ವರ್ಷದ ನೆನಪಿಗೆ ಬಿಬಿಸಿ ಏರ್ಪಡಿಸಿದ ಕಾರ್ಯಕ್ರಮಕ್ಕಾಗಿ ‘ಸೌತ್ ಪಾರ್ಕ್’ನ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಒಂದು ತುಣುಕು ಮಾಡಿಕೊಟ್ಟರು. ಅದರಲ್ಲಿ ಕಾರ್ಟ್‌ಮನ್ ಸತ್ತ ಗೆಳೆಯ ಕೆನ್ನಿಯನ್ನು ಹಿಂತಿರುಗಿಸಲು ಕೈಲ್‌ನ ಅಂಗಡಿಗೆ ಬರುತ್ತಾನೆ. ಗೆಳೆಯನನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕೆ ಆ ಧಾರಾವಾಹಿಯ ಲೋಕದಲ್ಲಿ ಕಾರಣವೇ ಇಲ್ಲ. ಅಂಗಡಿ, ದೂರು, ವಾದದ ಕ್ರಮ ಎಲ್ಲವೂ ಶೇಷ. ಕಂತು ಕಂತಿಗೂ ಸಾಯುತ್ತಿದ್ದ ಕೆನ್ನಿಯನ್ನೇ ಗಿಳಿಯ ಜಾಗದಲ್ಲಿಟ್ಟಿದ್ದರಿಂದ ಹಳೆಯ ಪ್ರಹಸನಕ್ಕೆ ಹೊಸ ಜೀವವೂ ಬಂತು. ಇದು ನಿಸ್ಸಂದೇಹವಾದ ಅಣಕ.

ಆದರೆ ಗಿಳಿಯ ನಗೆಯ ಬೀಜ ಪೈಥಾನಿಗಿಂತ ಬಹಳ ಹಳೆಯದು. ನಾಲ್ಕು ಅಥವಾ ಐದನೆಯ ಶತಮಾನದ್ದೆನ್ನುವ ‘ಫಿಲೋಗೆಲೋಸ್’ ಎಂಬ ಗ್ರೀಕ್ ನಗೆಹನಿಗಳ ಸಂಕಲನದಲ್ಲಿ, ಕೊಂಡ ಗುಲಾಮ ಸತ್ತನೆಂದು ಒಬ್ಬ ದೂರಿದಾಗ, ತನ್ನ ಬಳಿ ಇದ್ದಾಗ ಅವನು ಎಂದೂ ಹಾಗೆ ಮಾಡಿರಲಿಲ್ಲವೆಂದು ಮಾರಿದವನು ಉತ್ತರಿಸುತ್ತಾನೆ. ಪೈಥಾನಿನವರಿಗೆ ಹತ್ತಿರದ ಮೂಲ 1968ರ ‘ಹೌ ಟು ಇರಿಟೇಟ್ ಪೀಪಲ್’ನಲ್ಲಿದ್ದ ಕೆಟ್ಟ ಕಾರಿನ ಪ್ರಹಸನ, ಅಲ್ಲಿಯೂ ಮಾರುವವನು ಪೇಲಿನ್. ಗ್ರೀಕ್ ಹನಿಗೂ ಗಿಳಿಗೂ ಸಂಬಂಧ ಸಮಾನ ದೇಹದ್ದು ಮಾತ್ರ. ಕೆಟ್ಟ ಸರಕು ಮತ್ತು ಒಪ್ಪದ ವ್ಯಾಪಾರಿ ಸಂತೆ ಇರುವಲ್ಲೆಲ್ಲ ಇದ್ದಾರೆ. ಹೀಗಿರುವಾಗ ಕಾರ್ಟೂನಿನಲ್ಲಿ ಕಾಣುವ ಪ್ರತಿಯೊಬ್ಬ ಮೊಂಡು ಅಂಗಡಿಯವನನ್ನೂ ಪೈಥಾನಿನ ಖಾತೆಗೆ ಬರೆಯುವುದು ತಪ್ಪು.

‘ದಿ ಸಿಂಪ್ಸನ್ಸ್’ನ ಆರಂಭದ ಸೋಫಾ ದೃಶ್ಯಗಳಲ್ಲೊಂದರಲ್ಲಿ ದೈತ್ಯ ಪಾದವೊಂದು ಇಳಿದು ಕುಟುಂಬವನ್ನು ಜಜ್ಜುತ್ತದೆ. ಆ ಪಾದಕ್ಕೆ ಕಥೆಯ ಕಾರಣವಿಲ್ಲ. ಅದು ಟೆರಿ ಗಿಲಿಯಂ ಪೈಥಾನಿಗಾಗಿ ಮಾಡಿದ ಕತ್ತರಿಚಿತ್ರದ ಅನಿಮೇಷನ್ನಿನ ಪಾದ. ಅವರಾದರೂ ಅದನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಹದಿನಾರನೆಯ ಶತಮಾನದ ಬ್ರೊನ್ಜಿನೊ ಬರೆದ ವೀನಸ್-ಕ್ಯುಪಿಡ್ ಚಿತ್ರದಿಂದ ಕತ್ತರಿಸಿಕೊಂಡರು. ಹಾಗಾದರೆ ‘ಸಿಂಪ್ಸನ್ಸ್’ ಉಲ್ಲೇಖಿಸುವುದು ಬ್ರೊನ್ಜಿನೊನನ್ನೇ? ಅಲ್ಲ. ಕ್ಯುಪಿಡ್‌ನ ಪಾದ ಯಾರನ್ನೂ ಜಜ್ಜುವುದಿಲ್ಲ. ಮೇಲಿನಿಂದ ಬಂದು ಎಲ್ಲವನ್ನೂ ಹೊಸಕುವ ಕ್ರಿಯೆ ಗಿಲಿಯಂ ಅವರದು. ಆಕಾರದ ಮೂಲಕ್ಕಿಂತ ಕ್ರಿಯೆಯ ಮೂಲವೇ ಇಲ್ಲಿ ನಿರ್ಣಾಯಕ.

ಸೊಟ್ಟ ನಡಿಗೆಯ ವಿಷಯ ಬೇರೆ. ‘ಮಿನಿಸ್ಟ್ರಿ ಆಫ್ ಸಿಲ್ಲಿ ವಾಕ್ಸ್’ 1970ರದು. ಅದಕ್ಕೂ ಮೊದಲೇ ಬ್ರಿಟನ್ನಿನ ಮ್ಯೂಸಿಕ್ ಹಾಲ್ ಪರಂಪರೆಯ ಮ್ಯಾಕ್ಸ್ ವಾಲ್ ಅಂಥ ನಡಿಗೆಗೆ ಹೆಸರಾಗಿದ್ದರು. ಪೈಥಾನ್ ಪ್ರಹಸನದ ವೈಶಿಷ್ಟ್ಯ ಇರುವುದು ಕಾಲಿನಲ್ಲಿ ಅಲ್ಲ. ಕರಿಯ ಸೂಟು, ಗಂಭೀರ ಮುಖ, ಅನುದಾನ ಕೊಡುವ ಸರ್ಕಾರಿ ಇಲಾಖೆ ಇವುಗಳಲ್ಲಿ. ಇವಿಲ್ಲದ ನಡಿಗೆ ಕೇವಲ ಹೋಲಿಕೆ.

4. ಲೇಖಕನ ಮಾತು, ಪ್ರೇಕ್ಷಕನ ನೆನಪು

ಪಾರ್ಕರ್ ಮತ್ತು ಸ್ಟೋನ್ ಪೈಥಾನಿನ ಋಣವನ್ನು ಬಹಿರಂಗವಾಗಿ ಒಪ್ಪಿದ್ದಾರೆ. ಅದು ಪ್ರಭಾವಕ್ಕೆ ಸಾಕ್ಷಿ. ನಿರ್ದಿಷ್ಟ ದೃಶ್ಯವೊಂದರ ಉಲ್ಲೇಖಕ್ಕೆ ಅಲ್ಲ. ಸಾಹಿತ್ಯ ಚಿಂತಕರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್ಲಿ 1946ರ ಪ್ರಬಂಧದಲ್ಲಿ, ಕವಿ ಎಲಿಯಟ್‌ನ ಸಾಲೊಂದು ಡನ್‌ನ ಪದ್ಯವನ್ನು ಸೂಚಿಸುತ್ತದೆಯೇ ಎಂಬುದು ಎಲಿಯಟ್‌ನನ್ನೇ ಕೇಳಿ ತೀರ್ಮಾನಿಸುವ ವಿಷಯವಲ್ಲ ಎಂದು ವಾದಿಸಿದ್ದರು. ಆ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಪೈಥಾನ್ ತಂಡದ ಎರಿಕ್ ಐಡಲ್ 2003ರಲ್ಲಿ ‘ಸಿಂಪ್ಸನ್ಸ್’ನ ಸಾಕ್ಷ್ಯಚಿತ್ರಕಾರನ ಪಾತ್ರಕ್ಕೆ ದನಿ ಕೊಟ್ಟರು ಎಂಬ ಮಾತ್ರಕ್ಕೆ ಆ ಪಾತ್ರ ಯಾವುದೋ ಪ್ರಹಸನದ ಉಲ್ಲೇಖವಾಗುವುದಿಲ್ಲ.

ಪ್ರೇಕ್ಷಕರ ನೆನಪನ್ನೂ ಪೂರ್ತಿ ನಂಬಲಾಗದು. ಬಾಲ್ಯದ ಬಡತನವನ್ನು ಪೈಪೋಟಿಯಲ್ಲಿ ಹೆಚ್ಚಿಸಿ ಹೇಳುವ ‘ಫೋರ್ ಯಾರ್ಕ್‌ಷೈರ್‌ಮೆನ್’ ಪೈಥಾನಿನದೆಂದೇ ಪ್ರಸಿದ್ಧ. ಅದು ಮೊದಲು ಬಂದದ್ದು 1967ರ ‘ಅಟ್ ಲಾಸ್ಟ್ ದಿ 1948 ಶೋ’ದಲ್ಲಿ, ಪೈಥಾನ್ ತಂಡ ರಂಗದ ಮೇಲೆ ಆಡಿದ್ದರಿಂದ ಅದರ ಹೆಸರಿಗೆ ಅಂಟಿತು. ಇನ್ನು ‘ಸ್ಪ್ಯಾಮ್’ ಪದ 1970ರ ಪ್ರಹಸನದಿಂದ ಹೊರಟು ಬೇಡದ ಮಿಂಚಂಚೆಯ ಹೆಸರಾಯಿತು; ಇಂದು ಅದನ್ನು ಬಳಸುವವರು ಯಾವ ಪ್ರಹಸನವನ್ನೂ ಉಲ್ಲೇಖಿಸುತ್ತಿಲ್ಲ. ಮೂಲ ಇದ್ದೂ ಉಲ್ಲೇಖ ಸತ್ತುಹೋಗುವುದು ಹೀಗೆ.

5. ತೀರ್ಮಾನ

ಮೇಲಿನ ನಿದರ್ಶನಗಳಲ್ಲಿ ಕೆನ್ನಿಯ ದೂರು ಮತ್ತು ದೈತ್ಯ ಪಾದ ಉಲ್ಲೇಖಗಳು, ‘ಸೌತ್ ಪಾರ್ಕ್’ನವರು ಒಪ್ಪಿಕೊಂಡ ಋಣ ಪ್ರಭಾವ, ಸೂಟಿಲ್ಲದ ಸೊಟ್ಟ ನಡಿಗೆ ಮತ್ತು ಮೊಂಡು ವ್ಯಾಪಾರಿ ಬರಿಯ ಹೋಲಿಕೆ. ಉಲ್ಲೇಖವಿದೆ ಎನ್ನುವವರೇ ಶೇಷವನ್ನು ತೋರಿಸಬೇಕು. ಪುರಾವೆಯ ಹೊಣೆ ಅವರದು. ತೋರಿಸಲಾಗದಾಗ ಹೋಲಿಕೆಯನ್ನು ಹೋಲಿಕೆಯೆಂದೇ ಬರೆದಿಡುವುದು ಮೂಲ ಕೃತಿಗೂ ಹೊಸ ಕೃತಿಗೂ ನ್ಯಾಯ.