ಯಾಲಕ್ಕಿ ಬೆಳೆಯದ ಊರಿನ ಯಾಲಕ್ಕಿ ಕಂಪು

ವಿಯೆಟ್ನಾಮಿಗೆ ಹೋಗಿ ಬಂದ ಗೆಳೆಯನೊಬ್ಬ ಹನೋಯಿಯ ಹಳೇ ಪೇಟೆಯ ಫೋಟೊ ತೋರಿಸುತ್ತಿದ್ದ. ‘ಇದು ಬೆಳ್ಳಿ ಬೀದಿ, ಇದು ಸಕ್ಕರೆ ಬೀದಿ’ ಅಂದ. ಅಲ್ಲಿನ ಎಷ್ಟೋ ಬೀದಿಗಳ ಹೆಸರು ‘ಹಾಂಗ್’ ಎಂದೇ ಶುರುವಾಗುತ್ತದಂತೆ. ಹಾಂಗ್ ಅಂದರೆ ಸರಕು. ಅಂಗಡಿಯ ಮಾಲು ಬದಲಾದರೂ ಬೀದಿಯ ಹೆಸರು ಬದಲಾಗಿಲ್ಲ. ಫೋಟೊ ನೋಡುತ್ತ ನೋಡುತ್ತ ನನಗೆ ನಮ್ಮ ಹಾವೇರಿ ಪೇಟೆ ನೆನಪಾಯಿತು.

ನಾನು ಕರ್ಜಗಿಯವ. ವರದಾ ಹೊಳಿ ದಂಡಿ ಮ್ಯಾಲಿನ ಊರು ನಮ್ಮದು. ಬ್ರಿಟಿಷರ ಕಾಲದಲ್ಲಿ ತಾಲ್ಲೂಕಿಗೆ ಕರ್ಜಗಿ ತಾಲ್ಲೂಕು ಅಂತಲೇ ಹೆಸರಿತ್ತು, ಕಚೇರಿ ಮಾತ್ರ ಹಾವೇರಿಯಲ್ಲಿತ್ತು. ‘ಹೆಸರು ನಮಗ, ದರಬಾರು ಅವರಿಗೆ’ ಅಂತ ಅಜ್ಜ ನಗುತ್ತಿದ್ದ. ಕಾರಹುಣ್ಣಿವಿ ಬಂತಂದರೆ ಎತ್ತಿನ ಹಗ್ಗ, ಗೆಜ್ಜಿ ತರಲು ನನ್ನನ್ನೂ ಹಾವೇರಿಗೆ ಕರೆದೊಯ್ಯುತ್ತಿದ್ದ. ಪೇಟೆಯೊಳಗೆ ನಡೆಯುವಾಗ ಒಂದು ಕಡೆ ನಿಂತು, ‘ಇಲ್ಲೆ ಯಾಲಕ್ಕಿ ವಾಸನಿ ಗಂ ಅಂತಿತ್ತೋ ತಮ್ಮಾ’ ಅನ್ನುತ್ತಿದ್ದ. ನನಗೆ ಬರುತ್ತಿದ್ದದ್ದು ಮೆಣಸಿನಕಾಯಿ ಘಾಟು, ಹೊಸ ಹಗ್ಗದ ವಾಸನೆ ಅಷ್ಟೇ.

ಹಾವೇರಿಯನ್ನು ‘ಏಲಕ್ಕಿ ಕಂಪಿನ ನಾಡು’ ಅಂತ ಕರೀತೀವಿ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗಲೂ ಆ ಮಾತು ಎಲ್ಲೆಲ್ಲೂ ಕೇಳಿತು. ಆದರೆ ಹಾವೇರಿಯ ಸುತ್ತ ಎಲ್ಲಾದರೂ ಏಲಕ್ಕಿ ತೋಟ ಕಂಡಿದ್ದೀರಾ? ಇಲ್ಲಿರೋದು ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಏಲಕ್ಕಿಗೆ ಬೇಕಾದ ಮಳೆ, ನೆರಳು ಎರಡೂ ಇಲ್ಲಿಲ್ಲ. ಹಂಗಾದರ ಈ ಕಂಪು ಬಂದದ್ದೆಲ್ಲಿಂದ?

ಬಂದದ್ದು ಪಶ್ಚಿಮದ ಮಲೆನಾಡಿನಿಂದ, ಚಕ್ಕಡಿಗಳ ಮೇಲೆ. ಮಳೆಯ ಸೀಮೆಯಲ್ಲಿ ಒಣಗಿಸಿದ ಏಲಕ್ಕಿಗೆ ಬಣ್ಣ ಒಂದೇ ಸಮ ಇರುವುದಿಲ್ಲ. ಕೆಲವು ಕಂದು, ಕೆಲವಕ್ಕೆ ಕಲೆ. ಆಗಿನ ಪೇಟೆಗೆ ಬೇಕಾಗಿದ್ದದ್ದು ಬೆಳ್ಳನೆಯ ಏಲಕ್ಕಿ. ಅದನ್ನು ಬೆಳ್ಳಗೆ ಮಾಡುವ ಕಸಬು ಹಾವೇರಿಯದು. ಅಂಟವಾಳ ಮತ್ತು ಸೀಗೆಕಾಯಿ ಕಲಸಿದ ನೀರಿನಲ್ಲಿ ಕಾಯಿ ತೊಳೆಯುವುದು, ಮತ್ತೆ ತೊಳೆಯುವುದು, ಬಿಸಿಲಿಗೆ ಹರವುವುದು, ತೊಟ್ಟು ಕತ್ತರಿಸುವುದು. ಇದಕ್ಕೆ ಹಾವೇರಿಯ ಒಂದು ಬಾವಿಯ ನೀರೇ ಆಗಬೇಕು ಅನ್ನುವಷ್ಟು ಆ ನೀರಿಗೆ ಹೆಸರಿತ್ತು. ಈ ಕಸಬಿನ ಸುದ್ದಿ ಬ್ರಿಟಿಷರ ಬರಹಗಳಿಗೂ ಮುಟ್ಟಿತ್ತು. ಮಲೆನಾಡಿನ ತೇವ ಹೋಗಲು ಬಯಲುಸೀಮೆಯ ಬಿಸಿಲೇ ಬೇಕಿತ್ತು ಅನ್ನುವುದನ್ನೂ ಮರೆಯಬಾರದು. ಬೆಳೆ ಅವರದು, ಬಿಸಿಲು ನಮ್ಮದು.

ಮುಂದೆ ಪೇಟೆಯ ರುಚಿಯೇ ಬದಲಾಯಿತು. ಹಸಿರು ಬಣ್ಣದ ಏಲಕ್ಕಿಗೆ ಬೆಲೆ ಬಂತು. ತೋಟದ ಹತ್ತಿರದ ಗೂಡುಗಳಲ್ಲೇ ಹಸಿರು ಕೆಡದಂತೆ ಒಣಗಿಸಿದರಾಯಿತು. ತೊಳೆದು ಬೆಳ್ಳಗೆ ಮಾಡುವವರ ಅಗತ್ಯವೇ ಉಳಿಯಲಿಲ್ಲ.

ಉಳಿದದ್ದು ಏಲಕ್ಕಿ ಹಾರ. ಕಾಯಿಗಳನ್ನು ಒಂದೊಂದಾಗಿ ಆರಿಸಿ, ಬಣ್ಣದ ದಾರ, ಜರಿ, ಮಣಿಗಳ ಜೊತೆ ಎಳೆ ಎಳೆಯಾಗಿ ಕಟ್ಟುತ್ತಾರೆ. ಇದನ್ನು ಕಟ್ಟಿ ಹೆಸರಾದದ್ದು ಪಟವೇಗಾರ ಕಸಬಿನ ಮುಸ್ಲಿಂ ಮನೆತನ. ಪಟವೇಗಾರರು ಅಂದರೆ ರೇಷ್ಮೆ ದಾರದ ಕೆಲಸದವರು. ಸ್ವಾಮಿಗಳಿಗೆ, ಮಂತ್ರಿಗಳಿಗೆ, ಮದುಮಕ್ಕಳಿಗೆ ಅದೇ ಹಾರ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಇದು ವರ್ಷಗಟ್ಟಲೆ ಮನೆಯ ಗೋಡೆಯ ಮೇಲಿರುತ್ತದೆ.

ಗೆಳೆಯನ ಫೋಟೊ ನೋಡಿದ ಮರುವಾರ ಪುರಸಿದ್ಧೇಶ್ವರನ ಗುಡಿಗೆ ಹೋಗಿ, ಅಲ್ಲಿಂದ ಪೇಟೆಗೆ ನಡೆದೆ. ಅಜ್ಜ ನಿಲ್ಲುತ್ತಿದ್ದ ಜಾಗ ಯಾವುದಂತ ಗುರುತು ಹತ್ತಲಿಲ್ಲ. ಅಲ್ಲೀಗ ಮೊಬೈಲ್ ಕವರ್, ಪ್ಲಾಸ್ಟಿಕ್ ಕೊಡ. ಕಿರಾಣಿ ಅಂಗಡಿಯ ಹಿರಿಯರೊಬ್ಬರನ್ನು ಕೇಳಿದೆ: ‘ಕಾಕಾ, ಯಾಲಕ್ಕಿ ತೊಳೀತಿದ್ದ ಬಾವಿ ಯಾವುದ್ರೀ?’

ಅವರು ತಕ್ಕಡಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಾವಿ ನನಗ ಗೊತ್ತಿಲ್ಲೋಪಾ. ಆದರ ನಮ್ಮವ್ವ ಚಿಕ್ಕಾಕಿದ್ದಾಗ ಯಾಲಕ್ಕಿ ತೊಟ್ಟು ಕತ್ತರಸಾಕ ಹೋಗ್ತಿದ್ಲಂತ. ಕೂಲಿ ಭಾಳ ಇರಲಿಲ್ಲ. ಮನಿಗೆ ಬಂದು ರೊಟ್ಟಿ ಬಡದರ ರೊಟ್ಟಿಗೂ ಅದ ವಾಸನಿ ಅಂತಿದ್ಲು.’

‘ಅವ್ವಾರ ಹೆಸರೇನ್ರೀ?’ ಅಂದೆ. ಅವರು ಹೇಳಿದರು, ಹೇಳಿ ನಕ್ಕರು. ‘ಯಾರೂ ಕೇಳಿರಲಿಲ್ಲ ನೋಡು ಇಷ್ಟು ವರ್ಷ.’

1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಏಲಕ್ಕಿ ಹೆಸರನ್ನು ನಾವು ಹೆಮ್ಮೆಯಿಂದ ಹೊತ್ತುಕೊಂಡಿದ್ದೇವೆ. ಆದರೆ ಆ ಹೆಸರು ತಂದುಕೊಟ್ಟದ್ದು ಬೆಳೆಯಲ್ಲ, ಅಂಟವಾಳದ ನೊರೆಯಲ್ಲಿ ಅದ್ದಿದ ಕೈಗಳು. ಹನೋಯಿಯವರು ಬೀದಿಗೆ ಸರಕಿನ ಹೆಸರು ಉಳಿಸಿಕೊಂಡಿದ್ದಾರೆ. ನಮ್ಮ ಪೇಟೆಯ ಒಂದು ಓಣಿಗಾದರೂ ‘ಯಾಲಕ್ಕಿ ಓಣಿ’ ಅಂತ ಬೋರ್ಡು ಬರೆಸಿದರೆ ಏನು ಖರ್ಚಾದೀತು? ಅಲ್ಲಿಯತನಕ ನಿಮ್ಮ ಮನೆಯಲ್ಲಿ ಹಳಬರಿದ್ದರೆ ಒಮ್ಮೆ ಕೇಳಿ ನೋಡಿ. ಯಾರದೋ ರೊಟ್ಟಿಯ ವಾಸನೆ ಅವರಿಗೂ ನೆನಪಿರಬಹುದು.